ಅರ್ಧ ಕೆಜಿ ಜೋಳ, ಒಂದು ಬೆರಳು: ಏರ್ ಪಿಸ್ತೂಲಿನ ಟ್ರಿಗರ್ ಹೊಂದಿಸುವ ಬಗೆ

"ಸರ್, ಟ್ರಿಗರ್ ಭಾಳ ಬಿಗಿ ಐತ್ರಿ. ಸ್ವಲ್ಪ ಹಗುರ ಮಾಡಿಕೊಡ್ರಿ."

ಏರ್ ಪಿಸ್ತೂಲ್ ಹಿಡಿದು ಎರಡು ಮೂರು ವಾರ ಆದ ಮಕ್ಕಳೆಲ್ಲ ಬಂದು ಕೇಳುವುದು ಇದನ್ನೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಬಳ್ಳಾರಿಯಲ್ಲೂ ಹೀಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಈ ಸಲ ಕೇಳಿದವಳು ಕೌಲ್ ಬಜಾರಿನ ಹುಡುಗಿ. ಅವಳಪ್ಪ ಜೀನ್ಸ್ ಹೊಲಿಯುತ್ತಾರೆ. ನಾನು ಪಿಸ್ತೂಲ್ ಇಸಕೊಂಡು ಟ್ರಿಗರ್ ತೂಕ, ಅಂದರೆ ಟ್ರಿಗರ್ ಎಳೆಯಲು ಎಷ್ಟು ಭಾರ ಬೇಕು ಅನ್ನುವುದನ್ನು ನೋಡಿದೆ. 530 ಗ್ರಾಂ ಇತ್ತು. ಪಂದ್ಯದ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ ಇರಲೇಬೇಕು. ಇಳಿಸುವುದಕ್ಕೆ ಉಳಿದಿದ್ದೇ 30 ಗ್ರಾಂ, ಅಂದರೆ ಒಂದು ಹಿಡಿ ಶೇಂಗಾ. ತೊಂದರೆ ಬೇರೆ ಕಡೆ ಇತ್ತು. ಟ್ರಿಗರ್ ಬ್ಲೇಡ್, ಅಂದರೆ ಬೆರಳಿಟ್ಟು ಎಳೆಯುವ ಪಟ್ಟಿ, ಅವಳ ಬೆರಳಿಗೆ ದೂರವಾಗಿತ್ತು. ಬೆರಳಿನ ತುದಿಯಿಂದ ಕೆರೆದು ಎಳೆಯುತ್ತಿದ್ದಳು. ಬ್ಲೇಡನ್ನು 4 ಮಿಲಿಮೀಟರ್‌ನಷ್ಟು ಹಿಂದಕ್ಕೆ ಸರಿಸಿ ಕೊಟ್ಟೆ. ಎರಡು ಸಲ ಎಳೆದು ನೋಡಿ, "ಈಗ ಹಗುರ ಆತು ನೋಡ್ರಿ ಸರ್" ಅಂದಳು. ತೂಕ ಮಾತ್ರ ಅದೇ 530.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಯ ಮಾಳಿಗೆಯ ಮೇಲೋ, ಪಡಸಾಲೆಯಲ್ಲೋ ತಾವೇ ಕಲಿಯುವ ಮಕ್ಕಳಿದ್ದಾರೆ. ಪಕ್ಕದಲ್ಲಿ ನಿಂತು ತಿದ್ದುವವರು ಇರುವುದಿಲ್ಲ. ಅವರಿಗಾಗಿ, ಪಿಸ್ತೂಲ್ ಕೊಡಿಸಿದ ಅವರ ಅಪ್ಪ ಅಮ್ಮನಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಿಲಿಮೀಟರ್ ಏನು ಮಾಡುತ್ತದೆ

ಮೊದಲು ಒಂದು ಲೆಕ್ಕ. ಇದು ಅರ್ಥವಾದರೆ ಉಳಿದದ್ದು ಸುಲಭ.

ಏರ್ ಪಿಸ್ತೂಲ್ ಟಾರ್ಗೆಟ್ಟಿನಲ್ಲಿ ಕಪ್ಪು ಭಾಗದ ಅಗಲ 59.5 ಮಿಲಿಮೀಟರ್. ನಡುವಿನ ಹತ್ತರ ವೃತ್ತ ಬರೀ 11.5 ಮಿಲಿಮೀಟರ್. ಒಂದೊಂದು ಅಂಕಕ್ಕೂ 8 ಮಿಲಿಮೀಟರ್ ದೂರ. ಈಗ ನಿಮ್ಮ ಕೈ ತೂಗಾಡಿ, ಇಡೀ ಪಿಸ್ತೂಲ್ ನೇರವಾಗೇ 1 ಸೆಂಟಿಮೀಟರ್ ಪಕ್ಕಕ್ಕೆ ಹೋಯಿತು ಅನ್ನಿ. ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಕೂಡ 1 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂಕ ಒಂಬತ್ತು. ಏನೂ ಮುಳುಗಿಹೋಗಲಿಲ್ಲ.

ಕೈ ಅಲುಗಲೇ ಇಲ್ಲ, ಆದರೆ ಟ್ರಿಗರ್ ಕಿತ್ತು ಎಳೆದಿದ್ದರಿಂದ ಪಿಸ್ತೂಲಿನ ಮೂತಿ ತಿರುಗಿತು ಅನ್ನಿ. ಗುರಿ ಹಿಡಿಯಲು ಕಣ್ಣಿನ ಕಡೆ ಇರುವ ರಿಯರ್ ಸೈಟಿನ ಕಚ್ಚಿನಲ್ಲಿ, ಮೂತಿಯ ಕಡೆ ಇರುವ ಫ್ರಂಟ್ ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಸರಿಯಿತು. ಎರಡು ಸೈಟುಗಳ ನಡುವೆ ಸುಮಾರು 32 ಸೆಂಟಿಮೀಟರ್ ದೂರವಿದ್ದರೆ, ಆ 1 ಮಿಲಿಮೀಟರ್ ತಪ್ಪು 10 ಮೀಟರ್ ದೂರದ ಟಾರ್ಗೆಟ್ಟಿನಲ್ಲಿ 31 ಮಿಲಿಮೀಟರ್ ಆಗುತ್ತದೆ. ಹತ್ತು ಬೀಳಬೇಕಿದ್ದಲ್ಲಿ ಏಳು.

ಕೈ ಅಲುಗಾಟಕ್ಕೆ ಹೆದರಿ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೈ ಎಲ್ಲರದ್ದೂ ಅಲುಗುತ್ತದೆ, ಒಲಿಂಪಿಕ್ಸ್‌ಗೆ ಹೋದವರದ್ದೂ ಅಲುಗುತ್ತದೆ. ಅಂಕ ತಿನ್ನುವುದು ಬೆರಳು. ಟ್ರಿಗರ್ ಹೊಂದಿಸುವ ಕೆಲಸಕ್ಕೆಲ್ಲ ಇರುವ ಗುರಿ ಒಂದೇ: ಟ್ರಿಗರ್ ಬಿಡುವ, ಅಂದರೆ ಗುಂಡು ಹಾರುವ ಕ್ಷಣದಲ್ಲಿ ಫ್ರಂಟ್ ಸೈಟ್ ಅಲುಗಬಾರದು. ಟ್ರಿಗರ್ ಎಷ್ಟು ಹಗುರ ಅನ್ನುವುದಕ್ಕಿಂತ, ಎಲ್ಲಿ ಬಿಡುತ್ತದೆ ಅಂತ ಬೆರಳಿಗೆ ಚೆನ್ನಾಗಿ ಗೊತ್ತಾಗುವುದು ಮುಖ್ಯ.

ಕೈ ಹಾಕುವ ಮುಂಚೆ

ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಪಿಸ್ತೂಲ್ ತೆರೆದು ಒಳಗೆ ಪೆಲೆಟ್ ಇಲ್ಲ ಅಂತ ಕಣ್ಣಿಂದ ನೋಡಿ, ಇನ್ನೊಬ್ಬರಿಗೂ ತೋರಿಸಿ. ಸ್ಕ್ರೂ ತಿರುಗಿಸುವಾಗ, ಒಳಗೆ ಪೆಲೆಟ್ ಇಲ್ಲ ಅಂತ ತೋರಿಸುವ ಕೇಸರಿ ಬಣ್ಣದ ಸೇಫ್ಟಿ ದಾರ ನಳಿಗೆಯಲ್ಲೇ ಇರಲಿ. ಮೂತಿ ಯಾವಾಗಲೂ ಇಟ್ಟಿಗೆ ಗೋಡೆಯ ಕಡೆಗೆ. ಬಾಗಿಲ ಚಿಲಕ ಹಾಕಿ. ಮನೆಯಲ್ಲಿ ಓಡಾಡುವ ಸಣ್ಣ ಮಕ್ಕಳಿದ್ದರೆ ಈ ಕೆಲಸ ಅವರು ಮಲಗಿದ ಮೇಲೆ ಮಾಡಿ. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ.

ಸ್ಟೈರ್, ವಾಲ್ಥರ್, ಪಾರ್ದಿನಿ, ಮೊರಿನಿ, ಹೀಗೆ ಒಂದೊಂದು ಕಂಪನಿಯ ಪಿಸ್ತೂಲಿನಲ್ಲಿ ಸ್ಕ್ರೂಗಳು ಒಂದೊಂದು ಜಾಗದಲ್ಲಿರುತ್ತವೆ. ನಿಮ್ಮ ಪಿಸ್ತೂಲಿನ ಕೈಪಿಡಿ ನೋಡಿ ಯಾವ ಸ್ಕ್ರೂ ಯಾವುದಕ್ಕೆ ಅಂತ ಗುರುತು ಮಾಡಿಕೊಳ್ಳಿ. ಕೈಪಿಡಿ ಕಳೆದಿದ್ದರೆ ಕಂಪನಿಯ ತಾಣದಲ್ಲಿ ಹುಡುಕಿ. ಅಂದಾಜಿನ ಮೇಲೆ ತಿರುಗಿಸಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು "ಇಂಥ ಸ್ಕ್ರೂ, ಬಲಕ್ಕೆ ಕಾಲು ಸುತ್ತು" ಅಂತ ಬರೆದಿಡಿ. ಮೊಬೈಲಿನಲ್ಲಿ ಮೊದಲಿನ ಸ್ಥಿತಿಯ ಫೋಟೋ ತೆಗೆದಿಡಿ. ಕೆಟ್ಟರೆ ವಾಪಸ್ ಬರಲು ದಾರಿ ಬೇಕಲ್ವಾ? ಅಲೆನ್ ಕೀ ಹೊಸದಿರಲಿ. ಮೂಲೆ ಸವೆದ ಕೀ ಹಾಕಿದರೆ ಸ್ಕ್ರೂವಿನ ತಲೆ ಹಾಳಾಗುತ್ತದೆ, ಆಮೇಲೆ ಅದನ್ನು ಬಿಚ್ಚುವವರು ನಮ್ಮೂರಿನಲ್ಲಿ ಸಿಗುವುದು ಕಷ್ಟ.

ಬೆರಳು ಕೂರುವ ಜಾಗ

ಎಲ್ಲರೂ ತೂಕದ ಸ್ಕ್ರೂಗೆ ಮೊದಲು ಕೈ ಹಾಕುತ್ತಾರೆ. ಅದು ಕೊನೆಗೆ. ಮೊದಲ ಕೆಲಸ ಬ್ಲೇಡಿನದು.

ಪಂದ್ಯದಲ್ಲಿ ಹಿಡಿಯುವ ಹಾಗೇ ಗ್ರಿಪ್ ಹಿಡಿಯಿರಿ. ತೋರುಬೆರಳನ್ನು ಬ್ಲೇಡಿನ ಮೇಲೆ ಸುಮ್ನೆ ಇಡಿ. ಬ್ಲೇಡ್ ತಾಗಬೇಕಾದದ್ದು ಮೊದಲ ಗೆಣ್ಣಿನ ಮುಂದಿನ ಮೆತ್ತನೆಯ ಭಾಗದ ನಡುವಿಗೆ. ಬೆರಳಿನ ಆ ತುಂಡು ನಳಿಗೆಗೆ ಅಡ್ಡವಾಗಿ, ಮೂಲೆಮಟ್ಟದ ಹಾಗೆ ನಿಲ್ಲಬೇಕು. ಬೆರಳಿನ ಬುಡ ಗ್ರಿಪ್ಪಿನ ಮರಕ್ಕೆ ತಾಗಬಾರದು. ನಡುವೆ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿ ಇರಲಿ. ಸಂದಿ ಇಲ್ಲದಿದ್ದರೆ ಬೆರಳು ಮಡಿಸಿದಾಗ ಮರವನ್ನೂ ತಳ್ಳುತ್ತದೆ, ಮೂತಿ ತಿರುಗುತ್ತದೆ.

ಬ್ಲೇಡ್ ದೂರ ಇದ್ದರೆ ಹಿಂದಕ್ಕೆ, ಹತ್ತಿರ ಇದ್ದರೆ ಮುಂದಕ್ಕೆ ಸರಿಸಿ. ಹೆಚ್ಚಿನ ಪಿಸ್ತೂಲುಗಳಲ್ಲಿ ಬ್ಲೇಡನ್ನು ಸ್ವಲ್ಪ ಓರೆಯಾಗಿಯೂ ತಿರುಗಿಸಬಹುದು. ಕಣ್ಣು ಮುಚ್ಚಿ ಹತ್ತು ಸಲ ಬೆರಳಿಟ್ಟು ತೆಗೆಯಿರಿ. ಹತ್ತೂ ಸಲ ಬೆರಳು ಅದೇ ಜಾಗಕ್ಕೆ ಹೋಗಿ ಕೂತರೆ ಕೆಲಸ ಮುಗಿಯಿತು. ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಇದನ್ನು ಮತ್ತೆ ನೋಡಬೇಕು. ಚಪ್ಪಲಿ ಸಣ್ಣದಾದ ಹಾಗೆ ಇದೂ ಸಣ್ಣದಾಗುತ್ತದೆ.

ಸ್ಕ್ರೂಗಳ ಸರದಿ

ಪಂದ್ಯದ ಪಿಸ್ತೂಲಿನ ಟ್ರಿಗರ್ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಫಸ್ಟ್ ಸ್ಟೇಜ್‌ನಲ್ಲಿ ಬ್ಲೇಡ್ ಮೆಲ್ಲಗೆ ಹಿಂದಕ್ಕೆ ಬಂದು ಒಂದು ಕಡೆ ನಿಲ್ಲುತ್ತದೆ. ಅದನ್ನು ನಾವು ಗೋಡೆ ಅನ್ನುತ್ತೇವೆ. ಅಲ್ಲಿಂದ ಇನ್ನಷ್ಟು ಒತ್ತಿದರೆ ಸೆಕೆಂಡ್ ಸ್ಟೇಜ್, ಗುಂಡು ಹಾರುತ್ತದೆ. ಇದನ್ನು ಆ ಹುಡುಗಿಗೆ ವಿವರಿಸುತ್ತಿದ್ದಾಗ ಅಲ್ಲೇ ಕೂತಿದ್ದ ಅವಳಪ್ಪ ಹೇಳಿದರು: "ನಮ್ಮ ಮಷಿನ್ ಪೆಡಲ್ಲೂ ಹಂಗೇ ಐತಲ್ರಿ. ಮೊದಲು ಸಡಿಲ ತಗೋಬೇಕು. ಆಮ್ಯಾಲೆ ಪಾದ ಇಟ್ಟಂಗ ಇಟ್ಟು ಭಾರ ಬಿಡಬೇಕು. ಒಮ್ಮಿಗೇ ತುಳಿದ್ರ ಹೊಲಿಗಿ ಓಡಿಹೋಗ್ತದ." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈಗ ಬೇರೆ ಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಮೊದಲು ಫಸ್ಟ್ ಸ್ಟೇಜಿನ ಓಟ ನೋಡಿ. ತೀರಾ ಉದ್ದ ಇದ್ದರೆ ಬೆರಳು ಮಡಿಸಿಕೊಂಡು ಹೋಗಿ ಓರೆಯಾಗುತ್ತದೆ. ತೀರಾ ಗಿಡ್ಡ ಇದ್ದರೆ ಹಂತ ಇದೆ ಅಂತಲೇ ಗೊತ್ತಾಗುವುದಿಲ್ಲ. ಬ್ಲೇಡ್ ಸರಿದದ್ದು ಬೆರಳಿಗೆ ಸ್ಪಷ್ಟವಾಗಿ ತಿಳಿಯುವಷ್ಟಿದ್ದರೆ ಸಾಕು.

ಆಮೇಲೆ ಗೋಡೆಯ ಸ್ಕ್ರೂ, ಅಂದರೆ ಸಿಯರ್ (ಟ್ರಿಗರ್ ಬಿಡುವ ತನಕ ಹಿಡಿದಿಡುವ ಒಳಗಿನ ಕೊಂಡಿ) ಎಷ್ಟು ಕಚ್ಚಿಕೊಳ್ಳಬೇಕು ಅಂತ ಹೇಳುವ ಸ್ಕ್ರೂ. ಪಿಸ್ತೂಲನ್ನು ಡ್ರೈ ಫೈರ್ ಸ್ಥಿತಿಗೆ, ಅಂದರೆ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಎಳೆದು ನೋಡುವ ಸ್ಥಿತಿಗೆ ತನ್ನಿ. ಗೋಡೆಗೆ ಬಂದ ಮೇಲೆ ನಿಧಾನವಾಗಿ ಒತ್ತಿ. ಬಿಡುವ ಮುಂಚೆ ಬ್ಲೇಡ್ ಜರಗುಟ್ಟುತ್ತಾ ಸರಿದರೆ ಕಚ್ಚು ಜಾಸ್ತಿ ಇದೆ ಅಂತ ಅರ್ಥ. ಸುತ್ತಿನ ಎಂಟನೇ ಒಂದು ಭಾಗದಷ್ಟು ತಿರುಗಿಸಿ, ಮತ್ತೆ ನೋಡಿ. ಜರುಗುವುದು ನಿಂತು, ಗಾಜಿನ ಕಡ್ಡಿ ಮುರಿದ ಹಾಗೆ ಪಟ್ಟಂತ ಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಸ್ವಲ್ಪ ಅಂತ ಹೋಗಬೇಡಿ. ಕಚ್ಚು ತೀರಾ ಕಡಿಮೆಯಾದರೆ ಪಿಸ್ತೂಲ್ ತಟ್ಟಿದರೂ ಹಾರುತ್ತದೆ. ಅದನ್ನು ಪರೀಕ್ಷಿಸಲೇಬೇಕು: ಒಳಗೆ ಪೆಲೆಟ್ ಇಲ್ಲದೆ, ಮೂತಿ ಗೋಡೆಯ ಕಡೆಗಿಟ್ಟು, ಕಾಕ್ ಮಾಡಿ (ಲಿವರ್ ಎಳೆದು ಹಾರಿಸಲು ಸಿದ್ಧ ಮಾಡಿ), ಗ್ರಿಪ್ಪಿನ ಬುಡವನ್ನು ಅಂಗೈಯಿಂದ ನಾಲ್ಕೈದು ಸಲ ತಟ್ಟಿ. ಒಮ್ಮೆ ಟಕ್ ಅಂದರೂ ಸ್ಕ್ರೂ ಹಿಂದಕ್ಕೆ ತಿರುಗಿಸಿ.

ಇನ್ನು ಟ್ರಿಗರ್ ಸ್ಟಾಪ್. ಗುಂಡು ಹಾರಿದ ಮೇಲೆ ಬ್ಲೇಡ್ ಎಷ್ಟು ಹಿಂದಕ್ಕೆ ಹೋಗಬೇಕು ಅಂತ ತಡೆಯುವ ಸ್ಕ್ರೂ ಇದು. ಟ್ರಿಗರ್ ಬಿಡದೇ ಇರುವ ತನಕ ಒಳಕ್ಕೆ ತಿರುಗಿಸಿ. ಆಮೇಲೆ ಬಿಡುವ ತನಕ ಹೊರಕ್ಕೆ ತನ್ನಿ. ಅಲ್ಲಿಂದ ಇನ್ನೂ ಅರ್ಧ ಸುತ್ತು ಹೊರಕ್ಕೆ. ಸರಿಯಾಗಿ ಅಂಚಿನಲ್ಲೇ ಬಿಟ್ಟರೆ ಒಂದು ಕಣ ಧೂಳು ಸೇರಿದರೂ ಟ್ರಿಗರ್ ಬಿಡುವುದಿಲ್ಲ.

ತೂಕದ ಸ್ಕ್ರೂಗಳು ಎರಡಿರುತ್ತವೆ, ಒಂದೊಂದು ಹಂತಕ್ಕೆ ಒಂದೊಂದು. ನಿಯಮ ನೋಡುವುದು ಒಟ್ಟು ತೂಕವನ್ನು. ಅದನ್ನು ಹೇಗೆ ಹಂಚಬೇಕು ಅನ್ನುವುದು ನಿಮ್ಮ ಕೈಲಿದೆ. ಹೊಸಬರಿಗೆ ನಾನು ಫಸ್ಟ್ ಸ್ಟೇಜಿಗೆ 350 ಗ್ರಾಂ, ಸೆಕೆಂಡ್ ಸ್ಟೇಜಿಗೆ 170 ಗ್ರಾಂ ಸುಮಾರಿಗೆ ಇಡುತ್ತೇನೆ. ಗೋಡೆ ಗಟ್ಟಿಯಾಗಿ ಸಿಗುತ್ತದೆ, ಅವಸರದಲ್ಲಿ ಒಡೆದುಕೊಂಡು ಹೋಗುವುದಿಲ್ಲ. ಒಂದು ವರ್ಷ ಪಳಗಿದ ಮೇಲೆ ಫಸ್ಟ್ ಸ್ಟೇಜನ್ನು 400ಕ್ಕೆ ಏರಿಸಿ ಸೆಕೆಂಡ್ ಸ್ಟೇಜನ್ನು ಇಳಿಸಬಹುದು. ಆಗ ಬಹುಪಾಲು ಭಾರ ಮೊದಲೇ ಬೆರಳಿನ ಮೇಲಿರುತ್ತದೆ, ಕೊನೆಗೆ ಬೇಕಾಗುವುದು ಸ್ವಲ್ಪವೇ. ಇದು ನನ್ನ ರೂಢಿ. ಬೇರೆಯವರು ಬೇರೆ ಥರ ಹಂಚುತ್ತಾರೆ, ಅದೂ ತಪ್ಪಲ್ಲ.

ಜೋಳದ ಬಾಟಲಿ

ಟ್ರಿಗರ್ ತೂಕ ನೋಡುವ ಸಾಧನ ಕೊಳ್ಳಲು ಸಿಗುತ್ತದೆ. ಕೊಳ್ಳುವ ತನಕ ಹೀಗೆ ಮಾಡಿ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆಗೆ ಗಟ್ಟಿ ದಾರ ಕಟ್ಟಿ, ದಾರದ ತುದಿಗೆ ತಂತಿಯ ಕೊಕ್ಕೆ ಹಾಕಿ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಬಾಟಲಿ, ಮುಚ್ಚಳ, ದಾರ, ಕೊಕ್ಕೆ ಎಲ್ಲ ಸೇರಿ 500 ಗ್ರಾಂ ಆಗುವ ತನಕ ಜೋಳ ಸುರಿಯಿರಿ. ಮರಳೂ ಆಗುತ್ತದೆ. ಆದರೆ ಜೋಳವಾದರೆ ಕಾಳು ಕಾಳಾಗಿ ಹಾಕಿ ತೆಗೆಯಬಹುದು, ಬಿದ್ದರೂ ಪಿಸ್ತೂಲಿನೊಳಗೆ ಹೋಗುವುದಿಲ್ಲ. ತೇವಕ್ಕೆ, ಹುಳಕ್ಕೆ ಜೋಳದ ತೂಕ ಬದಲಾಗುತ್ತದೆ. ಹಾಗಾಗಿ ಪ್ರತಿ ಸಲ ತಕ್ಕಡಿಗಿಟ್ಟು ನೋಡಿಯೇ ಬಳಸಿ.

ಪಂದ್ಯದಲ್ಲಿ ನೋಡುವ ಹಾಗೇ ನೋಡಬೇಕು. ಪೆಲೆಟ್ ಇಲ್ಲ ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಗಾಳಿ ಇರುವ ಸಿಲಿಂಡರ್ ಹಾಕಿ ಕಾಕ್ ಮಾಡಿ. ಈ ಒಂದು ಪರೀಕ್ಷೆಗೆ ಮಾತ್ರ ನಳಿಗೆ ನೆಟ್ಟಗೆ ಮೇಲಕ್ಕಿರಲಿ. ಬಾಟಲಿ ಮೇಜಿನ ಮೇಲಿರಲಿ. ಕೊಕ್ಕೆಯನ್ನು ಬ್ಲೇಡಿನ ನಡುವಿಗೆ ಹಾಕಿ ನಿಧಾನವಾಗಿ ಎತ್ತಿ. ಬಾಟಲಿ ಮೇಜಿನಿಂದ ಪೂರ್ತಿ ಮೇಲೆದ್ದರೂ ಟ್ರಿಗರ್ ಬಿಡದಿದ್ದರೆ ಪಾಸು. ಫಸ್ಟ್ ಸ್ಟೇಜಿನ ತೂಕ ತಿಳಿಯಬೇಕೆಂದರೆ ಜೋಳ ಕಡಿಮೆ ಮಾಡಿ, ಯಾವ ತೂಕಕ್ಕೆ ಬ್ಲೇಡ್ ಗೋಡೆಗೆ ಬಂದು ನಿಲ್ಲುತ್ತದೆ ನೋಡಿ.

ಕೊಕ್ಕೆ ಬ್ಲೇಡಿನ ನಡುವಿಗೇ ಇರಲಿ ಅಂತ ಒತ್ತಿ ಹೇಳಲು ಕಾರಣವಿದೆ. ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಪಂದ್ಯಕ್ಕೆ ಮನೆಯಲ್ಲೇ 500ಕ್ಕೆ ಹೊಂದಿಸಿಕೊಂಡು ಹೋಗಿದ್ದೆ. ಅಲ್ಲಿ ತಪಾಸಣೆಯ ಮೇಜಿನಲ್ಲಿ ತೂಕ ಎತ್ತುತ್ತಿದ್ದ ಹಾಗೇ ಟಕ್ ಅಂತ ಬಿಟ್ಟಿತು. ಮತ್ತೆ ಎತ್ತಿದರು, ಮತ್ತೆ ಟಕ್. ಕೈ ತಣ್ಣಗಾಯಿತು. ಮನೆಯಲ್ಲಿ ನಾನು ದಾರವನ್ನು ಬ್ಲೇಡಿನ ಮೇಲ್ತುದಿಗೆ, ಕೀಲಿನ ಹತ್ತಿರ ಹಾಕಿದ್ದೆ. ಕೀಲಿಗೆ ಹತ್ತಿರವಾದಷ್ಟೂ ಜಾಸ್ತಿ ಭಾರ ಬೇಕು, ಬಾಗಿಲನ್ನು ಕೀಲಿನ ಪಕ್ಕ ತಳ್ಳಿದ ಹಾಗೆ. ನನ್ನ 500 ಅಲ್ಲಿ 500 ಆಗಿರಲಿಲ್ಲ. ಮೂಲೆಯಲ್ಲಿ ನಿಂತು ಸ್ಕ್ರೂ ತಿರುಗಿಸಿ ಪಾಸಾದೆ. ಆದರೆ ಆ ದಿನವಿಡೀ ಬೆರಳಿಗೆ ಗುರುತೇ ಸಿಗದ ಟ್ರಿಗರ್ ಹಿಡಿದು ಆಡಿದೆ. ಅವತ್ತಿನಿಂದ ಬಾಟಲಿಯನ್ನು 520ಕ್ಕೆ ತುಂಬಿಸುತ್ತೇನೆ. 520 ಎತ್ತಿದ ಟ್ರಿಗರ್ 500ಕ್ಕೆ ಹೆದರುವುದಿಲ್ಲ. ಪಂದ್ಯ ಮುಗಿದ ಮೇಲೂ ಚೀಟಿ ಎತ್ತಿ ತಪಾಸಣೆ ಮಾಡುವುದುಂಟು. ಆಗ ಕಡಿಮೆ ಬಂದರೆ ಅನರ್ಹರಾಗುತ್ತೀರಿ, ಬಿದ್ದ ಅಂಕಗಳೆಲ್ಲ ಹೋಗುತ್ತವೆ.

ತೂಕ ಕೂತ ಮೇಲೆ ಕಚ್ಚು, ಸ್ಟಾಪ್ ಎರಡನ್ನೂ ಮತ್ತೊಮ್ಮೆ ನೋಡಿ, ಒಂದು ತಿರುಗಿಸಿದರೆ ಇನ್ನೊಂದು ಬದಲಾಗುತ್ತದೆ. ಅಷ್ಟಾದ ಮೇಲೆ ಅಲೆನ್ ಕೀಯನ್ನು ಡಬ್ಬಿಗೆ ಹಾಕಿ ಮುಚ್ಚಿ. ಒಂದು ತಿಂಗಳು ಮುಟ್ಟಬೇಡಿ. ಒಂದು ದಿನ ಅಂಕ ಕಡಿಮೆ ಬಂತು ಅಂತ ಸ್ಕ್ರೂ ತಿರುಗಿಸುವವರ ಬೆರಳು ಯಾವ ಟ್ರಿಗರನ್ನೂ ಕಲಿಯುವುದಿಲ್ಲ.

ಬೆರಳನ್ನು ಪಳಗಿಸುವುದು

ಈಗ ಒಂದು ಪೆನ್ನನ್ನು ಪಿಸ್ತೂಲ್ ಗ್ರಿಪ್ ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿಯಿರಿ. ತೋರುಬೆರಳನ್ನು ಮಾತ್ರ ಮಡಿಸಿ. ಕಿರುಬೆರಳನ್ನು ನೋಡಿ. ಅದೂ ಬಿಗಿಯಾಯಿತಲ್ವಾ? ಬಲಗೈಯವರ ಪೆಲೆಟ್ ಎಡಕ್ಕೆ ಕೆಳಗೆ ಹೋಗಿ ಬೀಳಲು ಹೆಚ್ಚಿನ ಸಲ ಕಾರಣ ಇದೇ: ಬೆರಳಿನ ಬದಲು ಇಡೀ ಮುಷ್ಟಿ ಎಳೆಯುತ್ತದೆ. ಉಳಿದ ಬೆರಳು ಅಲುಗದೆ ತೋರುಬೆರಳೊಂದೇ ಮಡಿಸುವುದನ್ನು ದಿನಾ ನೂರು ಸಲ ಮಾಡಿ. ಬಸ್ಸಿನಲ್ಲಿ ಕೂತಾಗಲೂ ಮಾಡಬಹುದು.

ಪಿಸ್ತೂಲ್ ಹಿಡಿದು ಮಾಡುವ ಅಭ್ಯಾಸವನ್ನು ಕೂತೇ ಶುರು ಮಾಡಿ. ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ಕೈ ಊರಿ, ಕಣ್ಣು ಮುಚ್ಚಿ. ಸಡಿಲ ತೆಗೆದುಕೊಳ್ಳಿ. ಗೋಡೆ ಸಿಕ್ಕಿತಾ? ಅಲ್ಲಿ ಎರಡು ಸೆಕೆಂಡ್ ನಿಲ್ಲಿ. ಆಮೇಲೆ ಭಾರ ಏರಿಸುತ್ತಾ ಹೋಗಿ. ಬಿಟ್ಟ ಮೇಲೂ ಬೆರಳನ್ನು ಹಿಂದೆಯೇ ಹಿಡಿದುಕೊಂಡು ಮನಸ್ಸಿನಲ್ಲಿ ಒಂದು, ಎರಡು ಎಣಿಸಿ. ಇಪ್ಪತ್ತು ಸಲ ಸಾಕು.

ಆಮೇಲೆ ಎದ್ದು ನಿಂತು, ಖಾಲಿ ಬಿಳಿ ಗೋಡೆಗೆ ಡ್ರೈ ಫೈರ್. ಟಾರ್ಗೆಟ್ ಬೇಡ. ಕಪ್ಪು ಕಂಡರೆ ಕಣ್ಣು ಅಲ್ಲಿಗೇ ಓಡುತ್ತದೆ, ಫ್ರಂಟ್ ಸೈಟ್ ಮಸುಕಾಗುತ್ತದೆ. ಬಿಳಿ ಗೋಡೆಯಲ್ಲಿ ನೋಡಲು ಫ್ರಂಟ್ ಸೈಟ್ ಬಿಟ್ಟರೆ ಏನೂ ಇರುವುದಿಲ್ಲ. ಪಿಸ್ತೂಲ್ ಮೇಲಕ್ಕೆತ್ತಿ ಕೆಳಕ್ಕೆ ಇಳಿಸುತ್ತಾ ಬರುವಾಗಲೇ ಸಡಿಲ ಮುಗಿದಿರಬೇಕು. ಕೈ ನಿಂತ ಕೂಡಲೇ ಭಾರ ಏರಿಸಲು ಶುರು ಮಾಡಿ. "ಈಗ ಸರಿಯಾಗಿದೆ, ಈಗ ಎಳೆ" ಅಂತ ಕಾಯಬೇಡಿ. ಹಾಗೆ ಕಾದವರೇ ಕಿತ್ತು ಎಳೆಯುವುದು. ಟಕ್ ಅಂದಾಗ ಫ್ರಂಟ್ ಸೈಟ್ ಎತ್ತ ಹಾರಿತು ನೋಡಿ. ಹಾರದಿದ್ದರೆ ಅದು ಹತ್ತು. ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ ಮಾಡಿದರೆ ಒಂದು ಪೆಲೆಟ್ಟೂ ಖರ್ಚಾಗುವುದಿಲ್ಲ.

ಒಂದು ಎಚ್ಚರಿಕೆ: ಇದೆಲ್ಲ ಡ್ರೈ ಫೈರ್ ಸೌಲಭ್ಯ ಇರುವ ಪಿಸ್ತೂಲಿಗೆ ಮಾತ್ರ. ಸ್ಪ್ರಿಂಗ್ ಪಿಸ್ಟನ್ ಇರುವ ಪಿಸ್ತೂಲನ್ನು ಪೆಲೆಟ್ ಇಲ್ಲದೆ ಹಾರಿಸಿದರೆ ಒಳಗಿನ ಸೀಲ್ ಕೆಡುತ್ತದೆ.

ಇಳಿಸುವುದನ್ನೂ ಕಲಿಯಬೇಕು. ಕೈ ನಿಂತು ಎಂಟು ಹತ್ತು ಸೆಕೆಂಡಿನೊಳಗೆ ಟ್ರಿಗರ್ ಬಿಡದಿದ್ದರೆ ಪಿಸ್ತೂಲ್ ಕೆಳಗಿಳಿಸಿ, ಉಸಿರಾಡಿ, ಮತ್ತೆ ಎತ್ತಿ. ಪಂದ್ಯದಲ್ಲಿ 60 ಗುಂಡಿಗೆ 75 ನಿಮಿಷ ಕೊಡುತ್ತಾರೆ. ಒಂದು ಗುಂಡಿಗೆ ಒಂದೂಕಾಲು ನಿಮಿಷ. ಮೂರು ಸಲ ಇಳಿಸಿದರೂ ಸಮಯ ಉಳಿಯುತ್ತದೆ. ನಮ್ಮ ಮಕ್ಕಳಿಗೆ ಇಳಿಸುವುದೆಂದರೆ ಸೋತ ಹಾಗೆ ಅನ್ನಿಸುತ್ತದೆ. ಅದಕ್ಕೇ ಅಭ್ಯಾಸದಲ್ಲಿ ಹತ್ತು ಸಲ ಎತ್ತಿದರೆ ಮೂರು ಸಲ ಬೇಕಂತಲೇ ಇಳಿಸಲು ಹೇಳುತ್ತೇನೆ.

ಪೆಲೆಟ್ ಹಾಕಿ ಹೊಡೆಯುವಾಗ ಐದು ಡ್ರೈ, ಒಂದು ನಿಜ, ಹೀಗೆ ಬೆರೆಸಿ. ಟಾರ್ಗೆಟ್ ನೋಡುವ ಮುಂಚೆ "ಎಂಟು, ಎಡಕ್ಕೆ" ಅಂತ ಬಾಯಿಬಿಟ್ಟು ಹೇಳಿ, ಆಮೇಲೆ ನೋಡಿ. ಹೇಳಿದ್ದು ಮತ್ತು ಬಿದ್ದದ್ದು ಎರಡನ್ನೂ ಬರೆದಿಡಿ. ಎರಡೂ ಹತ್ತಿರ ಬರುತ್ತಾ ಹೋದರೆ ಬೆರಳು ಪಳಗುತ್ತಿದೆ ಅಂತ ತಿಳಿಯಿರಿ. ಮುಗಿದ ಮೇಲೆ ಕೈ ತೊಳೆದು ಊಟಕ್ಕೆ ಕೂರಿ, ಪೆಲೆಟ್ ಸೀಸದ್ದು.

ನಮ್ಮ ಬಿಸಿಲು, ನಮ್ಮ ಧೂಳು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿದ ಬೆರಳು ಬ್ಲೇಡಿನ ಮೇಲೆ ಜಾರುತ್ತದೆ. ಬೆಳಿಗ್ಗೆ ಆರಕ್ಕೇ ಅಭ್ಯಾಸ ಮುಗಿಸಿ. ಪಕ್ಕದಲ್ಲಿ ಒಣ ಹತ್ತಿ ಬಟ್ಟೆ ಇರಲಿ, ಪ್ರತಿ ಐದು ಗುಂಡಿಗೊಮ್ಮೆ ಬೆರಳು, ಬ್ಲೇಡ್ ಎರಡನ್ನೂ ಒರೆಸಿ. ಧೂಳಂತೂ ಹೇಳಲೇಬೇಕಿಲ್ಲ, ಸಂಡೂರು ತೋರಣಗಲ್ಲು ಕಡೆಯ ಮನೆಗಳಲ್ಲಿ ಕೆಂಪು ಪುಡಿ ಮುಚ್ಚಿದ ಪೆಟ್ಟಿಗೆಯೊಳಗೂ ಸೇರುತ್ತದೆ. ಧೂಳು ಕೂತು ಟ್ರಿಗರ್ ಜಡವಾಯಿತು ಅಂತ ಎಣ್ಣೆ ಬಿಡಬೇಡಿ. ಹೊಲಿಗೆ ಮಷಿನ್ ಎಣ್ಣೆಯಂತೂ ಬೇಡವೇ ಬೇಡ, ಧೂಳು ಅದಕ್ಕೆ ಅಂಟಿ ಕೆಸರಾಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಕೊಡವಿ, ಹತ್ತಿ ಕಡ್ಡಿಯಿಂದ ಒರೆಸಿ, ಅಷ್ಟು ಸಾಕು.

ಪಂದ್ಯಕ್ಕೆ ಹೋಗುವಾಗ

ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ಪಿಸ್ತೂಲಿನ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಬೇಡಿ, ತಲೆಯ ಪಕ್ಕ ಇಟ್ಟುಕೊಳ್ಳಿ. ಇಳಿದ ಮೇಲೆ ಒಂದೊಂದು ಸ್ಕ್ರೂ ಸಡಿಲವಾಗಿದೆಯಾ ಅಂತ ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲಿನ ಕಾಕಿಂಗ್ ಲಿವರ್ ಪಂದ್ಯದ ನಡುವೆಯೇ ಮುರಿಯಿತು. ದುರಸ್ತಿಗೆ ಹೋದ ಸಮಯ ವಾಪಸ್ ಬರಲಿಲ್ಲ, ಫೈನಲ್ ಕೈತಪ್ಪಿತು. ಅಂಥದ್ದನ್ನು ಯಾರೂ ತಡೆಯಲಾರರು. ಸಡಿಲ ಸ್ಕ್ರೂವನ್ನು ಮಾತ್ರ ನಾವು ತಡೆಯಬಹುದು.

ಚೀಲದಲ್ಲಿ ಅಲೆನ್ ಕೀ, ನೋಟ್‌ಬುಕ್, ಒಣ ಬಟ್ಟೆ, ಸೇಫ್ಟಿ ದಾರ ಇರಲಿ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಹೊಸ ಬ್ಯಾಟರಿಯೂ ಇರಲಿ. ಜೋಳದ ಬಾಟಲಿಯನ್ನು ಹೊರುವ ಅಗತ್ಯವಿಲ್ಲ. ಕೊಕ್ಕೆ, ದಾರ ಕಟ್ಟಿದ ಖಾಲಿ ಬಾಟಲಿ ಒಯ್ದರೆ ಸಾಕು, ಅಲ್ಲೇ ನೀರು ತುಂಬಿಸಬಹುದು. ಎಷ್ಟು ನೀರಿಗೆ 520 ಆಗುತ್ತದೆ ಅಂತ ಮನೆಯಲ್ಲೇ ತೂಗಿ, ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದುಕೊಂಡು ಹೋಗಿ. ಕೌಲ್ ಬಜಾರಿನ ಹುಡುಗಿ ಎರಡು ಗೆರೆ ಎಳೆದಿದ್ದಾಳೆ: ಕೆಳಗಿನದು ಫಸ್ಟ್ ಸ್ಟೇಜಿಗೆ, ಮೇಲಿನದು ಒಟ್ಟು ತೂಕಕ್ಕೆ.